ಬಿಳಿಕೊರಳ ಮ್ಯಾಗ್‌ಪೈ ಜೇ ಹಕ್ಕಿಯ ಗುಂಪನ್ನು ಗಮನಿಸುವ ಬಗೆ: ಗ್ವಾನಕಾಸ್ಟೆಯ ಒಣಕಾಡಿಗೊಂದು ಸಮಗ್ರ ಮಾರ್ಗದರ್ಶಿ

ಮಧ್ಯ ಅಮೆರಿಕದ ಪೆಸಿಫಿಕ್ ಕರಾವಳಿಯ ಉದ್ದಕ್ಕೂ ಬೇಸಿಗೆಯಲ್ಲಿ ಎಲೆಯುದುರಿಸಿ ಬೋಳಾಗಿ ನಿಲ್ಲುವ ಒಣಕಾಡುಗಳ ಒಂದು ಪಟ್ಟಿ ಹಬ್ಬಿದೆ. ಆ ಕಾಡುಗಳ ಅತ್ಯಂತ ಗದ್ದಲದ, ಅತ್ಯಂತ ಸೊಗಸಿನ ನಿವಾಸಿಗಳಲ್ಲಿ ಬಿಳಿಕೊರಳ ಮ್ಯಾಗ್‌ಪೈ ಜೇ ಒಂದು. ಕಾಗೆಯ ಕುಟುಂಬಕ್ಕೆ ಸೇರಿದ ಈ ಹಕ್ಕಿಯನ್ನು ವಿಲಿಯಂ ಸ್ವೈನ್ಸನ್ 1827ರಲ್ಲಿ ವೈಜ್ಞಾನಿಕವಾಗಿ ವಿವರಿಸಿದ. ಇಂದು ಅದರ ಹೆಸರು ಕ್ಯಾಲೊಸಿಟ್ಟ ಫಾರ್ಮೋಸ. ಮೆಕ್ಸಿಕೋದ ಕೊಲಿಮ, ಪ್ಯುಬ್ಲ ರಾಜ್ಯಗಳಿಂದ ತೊಡಗಿ ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಗಳನ್ನು ಹಾದು ಕೋಸ್ಟರಿಕದ ವಾಯವ್ಯ ಮೂಲೆಯಲ್ಲಿರುವ ಗ್ವಾನಕಾಸ್ಟೆ ಪ್ರಾಂತದವರೆಗೆ ಇದರ ನೆಲೆಯಿದೆ. ತೇವವಾದ ಮಳೆಕಾಡು ಆರಂಭವಾಗುವ ಕಡೆ ಈ ಹಕ್ಕಿ ನಿಂತುಬಿಡುತ್ತದೆ.

ಇದನ್ನು ನೋಡುವುದಕ್ಕೆ ಮಾರ್ಗದರ್ಶಿಯೇ ಬೇಕಿಲ್ಲ ಎಂದು ಅಲ್ಲಿಗೆ ಹೋಗಿಬಂದವರು ಹೇಳುತ್ತಾರೆ, ಮತ್ತು ಅದು ನಿಜವೂ ಹೌದು. ಗ್ವಾನಕಾಸ್ಟೆಯಲ್ಲಿ ಬಯಲಿನಲ್ಲಿ ಊಟಕ್ಕೆ ಕುಳಿತರೆ ಸಾಕು, ಹಕ್ಕಿ ತಾನಾಗಿ ಬಂದು ತಟ್ಟೆಯ ಪಕ್ಕದಲ್ಲಿ ಕೂರುತ್ತದೆ. ಆದರೆ ಒಂದು ಚಿತ್ರ ತೆಗೆದು, ಪಟ್ಟಿಯಲ್ಲಿ ಹೆಸರು ಬರೆದುಕೊಂಡು ಮುಂದೆ ಹೋದವರು ಈ ಹಕ್ಕಿಯ ಅಸಲು ಬದುಕನ್ನು ಕಂಡಿರುವುದಿಲ್ಲ. ಅದು ಬದುಕುವುದು ಗುಂಪಿನಲ್ಲಿ. ಆ ಗುಂಪನ್ನು ಹೆಣ್ಣುಗಳು ಕಟ್ಟಿಕೊಂಡಿರುತ್ತವೆ, ನೆಲವನ್ನು ಅವೇ ಕಾಯುತ್ತವೆ, ಹೆಣ್ಣುಮಕ್ಕಳೇ ತಾಯಿಯ ಗೂಡಿಗೆ ಆಸರೆಯಾಗುತ್ತವೆ. ಯಾವ ಹಕ್ಕಿ ಗುಂಪಿನಲ್ಲಿ ಯಾವ ಸ್ಥಾನದಲ್ಲಿದೆ ಎಂದು ಬರಿಗಣ್ಣು, ಕಿವಿ ಮತ್ತು ಒಂದು ದುರ್ಬೀನಿನ ನೆರವಿನಿಂದ ಬಿಡಿಸಿಕೊಳ್ಳುವುದು ಹೇಗೆ ಎಂಬುದನ್ನು ಹೇಳುವುದಕ್ಕಾಗಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಉಳಿದ ಹಂತಗಳೆಲ್ಲ ಅದಕ್ಕೆ ಸಿದ್ಧತೆ ಮಾತ್ರ.

ಮೊದಲ ಹಂತ: ಕಾಲವನ್ನು ಆರಿಸಿಕೊಳ್ಳುವುದು

ಗ್ವಾನಕಾಸ್ಟೆಯಲ್ಲಿ ವರ್ಷ ಎರಡು ಪಾಲಾಗಿದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಒಂದು ಹನಿಯೂ ಬೀಳದ ಒಣಗಾಲ. ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆಗಾಲ, ನಡುವೆ ಜುಲೈ ಹೊತ್ತಿಗೆ ಕೆಲವು ವಾರಗಳ ಬಿಡುವು. ಹಕ್ಕಿ ವಲಸೆ ಹೋಗುವುದಿಲ್ಲವಾದ್ದರಿಂದ ಯಾವ ತಿಂಗಳಲ್ಲಿ ಹೋದರೂ ಕಾಣಸಿಗುತ್ತದೆ. ಆದರೂ ಗುಂಪಿನ ಒಳಸಂಬಂಧ ನೋಡಬೇಕೆನ್ನುವವರು ಫೆಬ್ರವರಿಯಿಂದ ಏಪ್ರಿಲ್ ನಡುವಿನ ಅವಧಿಯನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಆಗ ಮರಗಳು ಬೋಳಾಗಿರುವುದರಿಂದ ಒಂದು ಗುಂಪನ್ನು ನೂರು ಮೀಟರ್ ದೂರದವರೆಗೂ ಕಣ್ಣಿನಿಂದ ಹಿಂಬಾಲಿಸಬಹುದು. ಮಳೆ ಬಿದ್ದು ಹೊಸ ಎಲೆ ಮುಚ್ಚಿಕೊಂಡ ಮೇಲೆ ಅದೇ ಗುಂಪು ಇಪ್ಪತ್ತು ಮೀಟರಿನಲ್ಲಿ ಮಾಯವಾಗುತ್ತದೆ. ಎರಡನೆಯದು, ಗೂಡು ಕಟ್ಟುವ ಕೆಲಸ ಒಣಗಾಲದಲ್ಲಿಯೇ ಶುರುವಾಗುತ್ತದೆ, ಮತ್ತು ಗೂಡಿರುವಾಗ ಮಾತ್ರ ಗುಂಪಿನ ಪ್ರತಿಯೊಂದು ಹಕ್ಕಿಯ ಪಾತ್ರ ಬಯಲಾಗುತ್ತದೆ.

ಈ ಅವಧಿಗೆ ತನ್ನದೇ ತೊಂದರೆಗಳೂ ಇವೆ. ಜನವರಿಯಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವ ಗಾಳಿ ಕೆಲವು ದಿನ ಎಷ್ಟು ಜೋರಾಗಿರುತ್ತದೆಂದರೆ ಹಕ್ಕಿಯ ಕೂಗು ಕಿವಿಗೆ ತಲುಪುವುದೇ ಇಲ್ಲ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಗಾಳಿಯಿರುವ ದಿನ ತಗ್ಗಿನಲ್ಲಿರುವ ಹಳ್ಳದ ದಂಡೆಯನ್ನೂ ಗಾಳಿಯಿಲ್ಲದ ದಿನ ತೆರೆದ ಅಂಚುಗಳನ್ನೂ ಆರಿಸಿಕೊಂಡರೆ ಈ ತೊಂದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎರಡನೆಯ ಹಂತ: ಸ್ಥಳವನ್ನು ಆರಿಸಿಕೊಳ್ಳುವುದು

ಸಾಂಟ ರೋಸ ರಾಷ್ಟ್ರೀಯ ಉದ್ಯಾನವನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಬಹುದು. ಪ್ರಾಂತದ ರಾಜಧಾನಿಯಾದ ಲಿಬೇರಿಯದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಅಲ್ಲಿಂದ ಅಂತರ ಅಮೆರಿಕ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ಸಾಗಿದರೆ ಉದ್ಯಾನದ ಪ್ರವೇಶದ್ವಾರ ಸಿಗುತ್ತದೆ. ಆಡಳಿತ ಕೇಂದ್ರ ಅಲ್ಲಿಂದ ಇನ್ನೂ ಕೆಲವು ಕಿಲೋಮೀಟರ್ ಒಳಗಿದೆ. 1856ರ ಮಾರ್ಚ್ 20ರಂದು ಅಮೆರಿಕದ ದಂಡೆಕೋರ ಸಾಹಸಿ ವಿಲಿಯಂ ವಾಕರನ ದಂಡನ್ನು ಕೋಸ್ಟರಿಕದ ಸೇನೆ ಸೋಲಿಸಿದ್ದು ಇಲ್ಲಿಯ ಹಳೆಯ ತೋಟದ ಮನೆಯ ಬಳಿ. ಲಾ ಕಾಸೋನ ಎಂದು ಕರೆಯುವ ಆ ಮನೆಯ ಸುತ್ತಲಿನ ಬಯಲು, ದೊಡ್ಡ ಮರಗಳು ಮತ್ತು ಪಕ್ಕದಿಂದ ಹೊರಡುವ ಇಂಡಿಯೊ ಡೆಸ್ನುಡೊ ಎಂಬ ಚಿಕ್ಕ ಕಾಲುದಾರಿ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಈ ಜಾಗ ಏಕೆ ಒಳ್ಳೆಯದು ಎಂಬುದನ್ನು ತಿಳಿದುಕೊಂಡರೆ ಬೇರೆಡೆಯೂ ಜಾಗ ಹುಡುಕುವುದು ಸುಲಭವಾಗುತ್ತದೆ. ಸಾಂಟ ರೋಸ 1971ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಅದರ ಬಹುಭಾಗ ದನ ಮೇಯಿಸಿ ಸವೆದ ಹುಲ್ಲುಗಾವಲಾಗಿತ್ತು. ಆಫ್ರಿಕದಿಂದ ತಂದು ಬಿತ್ತಿದ ಜರಾಗುವ ಎಂಬ ಹುಲ್ಲು ಪ್ರತಿ ಬೇಸಿಗೆಯಲ್ಲೂ ಬೆಂಕಿಗೆ ಮೇವಾಗಿ, ಚಿಗುರಿದ ಸಸಿಗಳನ್ನೆಲ್ಲ ಸುಡುತ್ತಿತ್ತು. ಜೀವವಿಜ್ಞಾನಿ ಡೇನಿಯಲ್ ಜಾನ್ಜೆನ್ ಮತ್ತು ವಿನಿಫ್ರೆಡ್ ಹಾಲ್‌ವಾಕ್ಸ್ ಸ್ಥಳೀಯರ ಜೊತೆ ಸೇರಿ 1980ರ ದಶಕದಿಂದ ಕೈಗೊಂಡ ಕೆಲಸದ ತಿರುಳು ಬೆಂಕಿಯನ್ನು ತಡೆಯುವುದೇ ಆಗಿತ್ತು. ಬೆಂಕಿ ನಿಂತ ಕಡೆ ಗಾಳಿ ಮತ್ತು ಪ್ರಾಣಿಗಳು ತಂದ ಬೀಜಗಳಿಂದ ಕಾಡು ತಾನಾಗಿ ಮರಳಿತು. ಇಂದು ಗ್ವಾನಕಾಸ್ಟೆ ಸಂರಕ್ಷಣಾ ಪ್ರದೇಶವೆಂಬ ಹೆಸರಿನ ಈ ಇಡೀ ಭಾಗ ಯುನೆಸ್ಕೋ 1999ರಲ್ಲಿ ಘೋಷಿಸಿದ ವಿಶ್ವ ಪರಂಪರೆಯ ತಾಣ. ಹೀಗೆ ಮರಳಿ ಬೆಳೆದ ಕಾಡು ಒಂದೇ ವಯಸ್ಸಿನದಲ್ಲ. ಹಳೆಯ ಕಾಡಿನ ತುಂಡು, ಎಳೆಯ ಕುರುಚಲು, ಉಳಿದ ಹುಲ್ಲುಗಾವಲು, ಒಂಟಿ ಮುಳ್ಳುಮರ, ಹಳ್ಳದ ಬದಿಯ ಹಸಿರು ಎಲ್ಲವೂ ಒಂದರ ಪಕ್ಕ ಒಂದಿವೆ. ನಮ್ಮ ಹಕ್ಕಿ ಬಯಸುವುದು ಇಂಥ ಬೆರಕೆ ನೆಲವನ್ನೇ. ದಟ್ಟ ಕಾಡಿನ ನಡುವಿಗಿಂತ ಅಂಚಿನಲ್ಲಿ ಅದು ಹೆಚ್ಚು, ಎತ್ತರದ ಬೆಟ್ಟಗಳಿಗಿಂತ ತಗ್ಗಿನ ಪ್ರದೇಶದಲ್ಲಿ ಹೆಚ್ಚು.

ಟೆಂಪಿಸ್ಕೆ ನದಿಯ ದಂಡೆಯ ಪಾಲೊ ವೆರ್ಡೆ ರಾಷ್ಟ್ರೀಯ ಉದ್ಯಾನ, ಅದಕ್ಕೆ ಹತ್ತಿರದ ಲೋಮಾಸ್ ಬಾರ್ಬುಡಾಲ್ ಮೀಸಲು ಪ್ರದೇಶ ಮತ್ತು ನಿಕೋಯ ಪರ್ಯಾಯದ್ವೀಪದ ಕಡಲತೀರದ ಊರುಗಳಲ್ಲಿಯೂ ಹಕ್ಕಿ ಸಾಮಾನ್ಯ. ಕಡಲತೀರದ ವಸತಿಗೃಹಗಳಲ್ಲಿ ಅದು ತೀರ ಹತ್ತಿರ ಬರುತ್ತದೆ ಎಂಬುದು ನಿಜವಾದರೂ ಅಲ್ಲಿ ಕಾಣುವುದು ಎಂಜಲಿಗೆ ಹೊಂದಿಕೊಂಡ ನಡವಳಿಕೆಯೇ ಆದ್ದರಿಂದ ಗುಂಪಿನ ಅಧ್ಯಯನಕ್ಕೆ ಅಂಥ ಜಾಗಗಳನ್ನು ನಾನು ಶಿಫಾರಸು ಮಾಡುವುದಿಲ್ಲ.

ಮೂರನೆಯ ಹಂತ: ಸಲಕರಣೆ ಮತ್ತು ಉಡುಪು

ಇದರಲ್ಲಿ ಹೆಚ್ಚು ಹೇಳುವುದಿಲ್ಲ. 8x42 ಅಳತೆಯ (ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಅಗಲದ ಮುಂದಿನ ಮಸೂರದ) ದುರ್ಬೀನು ಸಾಕು. ಗೆರೆಯಿಲ್ಲದ ಪುಟಗಳ ಚಿಕ್ಕ ನೋಟ್‌ಪುಸ್ತಕ, ಪೆನ್ಸಿಲ್, ಧ್ವನಿ ದಾಖಲಿಸಬಲ್ಲ ಮೊಬೈಲ್ ಮತ್ತು ಯಥೇಚ್ಛ ಕುಡಿಯುವ ನೀರು ಇರಲಿ. ಒಣಕಾಡಿನಲ್ಲಿ ಉಣ್ಣಿಗಳೂ ಚರ್ಮಕ್ಕೆ ಹತ್ತುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳೂ ಹುಲ್ಲಿನಿಂದ ಮೈಗೇರುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡು, ಹುಲ್ಲಿನಲ್ಲಿ ಕೂರದೆ ಇರುವುದು ಒಳ್ಳೆಯದು. ಗಿಲಕಿಹಾವು ಈ ಕಾಡಿನ ನಿವಾಸಿಯಾದ್ದರಿಂದ ಮೇಲೆ ನೋಡುತ್ತ ನಡೆಯುವ ಅಭ್ಯಾಸವನ್ನು ಬಿಡಬೇಕು: ನಡೆಯುವಾಗ ನೆಲ ನೋಡಿ, ಹಕ್ಕಿ ನೋಡುವಾಗ ನಿಂತು ನೋಡಿ.

ಇನ್ನೊಂದು ಎಚ್ಚರ ಗೂಳಿಯ ಕೊಂಬಿನಂಥ ಜೋಡಿ ಮುಳ್ಳುಗಳುಳ್ಳ ಜಾಲಿಗಿಡದ ಬಗ್ಗೆ. ಆ ಮುಳ್ಳುಗಳು ಪೊಳ್ಳಾಗಿದ್ದು ಒಳಗೆ ಇರುವೆಗಳು ವಾಸವಾಗಿರುತ್ತವೆ. ಗಿಡಕ್ಕೆ ಮೈ ತಾಗಿದ ಕ್ಷಣಕ್ಕೆ ಅವು ಹೊರಬಂದು ಕಚ್ಚುತ್ತವೆ. ಈ ಗಿಡವನ್ನು ಗುರುತಿಸಲು ಕಲಿತರೆ ಎರಡು ಲಾಭ, ಏಕೆಂದರೆ ಮ್ಯಾಗ್‌ಪೈ ಜೇಗಳು ಇದೇ ಗಿಡದ ಕಾಯಿಯನ್ನು ಹುಡುಕಿ ಬರುತ್ತವೆ.

ನಾಲ್ಕನೆಯ ಹಂತ: ಹಕ್ಕಿಯನ್ನು ಗುರುತಿಸುವುದು

ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ 43ರಿಂದ 56 ಸೆಂಟಿಮೀಟರ್ ಉದ್ದ, 200 ಗ್ರಾಮಿಗೆ ತುಸು ಮೇಲ್ಪಟ್ಟ ತೂಕ. ಬೆನ್ನು, ರೆಕ್ಕೆ ಮತ್ತು ಬಾಲ ನೀಲಿ. ಕೊರಳು, ಎದೆ ಮತ್ತು ಹೊಟ್ಟೆ ಅಚ್ಚ ಬಿಳಿ. ಎದೆಗೆ ಅಡ್ಡಲಾಗಿ ಒಂದು ತೆಳುವಾದ ಕಪ್ಪು ಪಟ್ಟಿ. ತಲೆಯ ಮೇಲೆ ಮುಂದಕ್ಕೆ ಬಾಗಿ ಸುರುಳಿಗೊಂಡ ಕೆಲವೇ ಗರಿಗಳ ಜುಟ್ಟು. ಬಾಲದ ಗರಿಗಳು ಮೆಟ್ಟಿಲು ಮೆಟ್ಟಿಲಾಗಿ ಉದ್ದವಾಗುತ್ತ ಹೋಗುತ್ತವೆ, ನಡುವಿನ ಜೋಡಿಯನ್ನು ಬಿಟ್ಟು ಉಳಿದವುಗಳ ತುದಿ ಬಿಳಿಯಾಗಿರುತ್ತದೆ. ಹಾರುವಾಗ ಈ ಬಿಳಿ ತುದಿಗಳು ಎದ್ದು ಕಾಣುತ್ತವೆ. ಗಂಡು ಹೆಣ್ಣುಗಳು ಹೆಚ್ಚುಕಡಿಮೆ ಒಂದೇ ರೀತಿ. ಹೆಣ್ಣಿನ ಬಣ್ಣ ತುಸು ಮಂಕು ಎಂಬ ವ್ಯತ್ಯಾಸವಿದ್ದರೂ ಬೆಳಕು ಬದಲಾದಂತೆ ಬಣ್ಣವೂ ಬದಲಾಗುವುದರಿಂದ ಅದನ್ನೊಂದನ್ನೇ ನಂಬಿ ತೀರ್ಮಾನಿಸಬಾರದು. ಎಳೆಯ ಹಕ್ಕಿಗಳ ಜುಟ್ಟು ಗಿಡ್ಡ.

ಗ್ವಾನಕಾಸ್ಟೆಯಲ್ಲಿ ಇದನ್ನು ಬೇರೆ ಹಕ್ಕಿಯೆಂದು ತಪ್ಪಾಗಿ ತಿಳಿಯುವ ಅವಕಾಶ ಕಡಿಮೆ. ಅದೇ ಕಾಡಿನ ನೀಲಿಹುಬ್ಬಿನ ಮಾಟ್‌ಮಾಟ್ ಕೂಡ ಉದ್ದ ಬಾಲದ ನೀಲಿ ಹಸಿರು ಹಕ್ಕಿಯೇ, ಆದರೆ ಅದರ ಬಾಲದ ಎರಡು ಗರಿಗಳು ತುದಿಯಲ್ಲಿ ಮಾತ್ರ ಅಗಲವಾಗಿರುತ್ತವೆ ಮತ್ತು ಅದು ಒಂದೇ ಕಡೆ ಅಲುಗಾಡದೆ ಕುಳಿತಿರುವ ಸ್ವಭಾವದ್ದು. ಕಂದು ಜೇ ದೂರದಿಂದ ಕೂಗಿದಾಗ ಒಂದು ಕ್ಷಣ ಅನುಮಾನ ಬರಬಹುದು. ಕಣ್ಣಿಗೆ ಬಿದ್ದರೆ ಅದರ ಕಂದು ಮೈ ಅನುಮಾನವನ್ನು ಉಳಿಸುವುದಿಲ್ಲ. ನಿಜವಾದ ತೊಡಕು ಇರುವುದು ಮೆಕ್ಸಿಕೋದಲ್ಲಿ. ಅಲ್ಲಿಯ ವಾಯವ್ಯದ ಒಣಕಾಡುಗಳಲ್ಲಿ ಇದರ ಹತ್ತಿರದ ಬಂಧುವಾದ ಕರಿಕೊರಳ ಮ್ಯಾಗ್‌ಪೈ ಜೇ ಇದೆ. ಅದರ ಬಾಲ ಇನ್ನೂ ಉದ್ದ, ಮುಖ ಮತ್ತು ಕೊರಳು ಕಪ್ಪು. ಎರಡೂ ಪ್ರಭೇದಗಳ ನೆಲೆ ಸಂಧಿಸುವ ಹಲಿಸ್ಕೊ, ಕೊಲಿಮ ಭಾಗದಲ್ಲಿ ಮಿಶ್ರ ಲಕ್ಷಣದ ಹಕ್ಕಿಗಳು ಸಿಗುವುದುಂಟು. ಅಂಥವನ್ನು ಬಲವಂತವಾಗಿ ಒಂದು ಹೆಸರಿಗೆ ಸೇರಿಸದೆ ಕಂಡ ಲಕ್ಷಣಗಳನ್ನಷ್ಟೇ ಬರೆದುಕೊಳ್ಳಬೇಕು.

ಐದನೆಯ ಹಂತ: ಗುಂಪನ್ನು ಪತ್ತೆಹಚ್ಚುವುದು

ಬೆಳಗಿನ ಮೊದಲ ಮೂರು ಗಂಟೆಗಳು ಉತ್ತಮ. ನಡೆಯುತ್ತ ಹೋಗುವುದಕ್ಕಿಂತ ಕಾಡು ಮತ್ತು ಬಯಲು ಸೇರುವ ಅಂಚಿನಲ್ಲಿ ಒಂದು ನೆರಳನ್ನು ಆರಿಸಿಕೊಂಡು ಅರ್ಧ ಗಂಟೆ ನಿಲ್ಲುವುದು ಹೆಚ್ಚು ಫಲ ಕೊಡುತ್ತದೆ. ಹಕ್ಕಿಗಳು ಸುಮ್ಮನಿರುವ ಜಾತಿಯಲ್ಲ; ಒರಟು ಕಿರುಚು, ಗಂಟಲಿನ ಗೊರಗೊರ, ನಡುನಡುವೆ ಅಚ್ಚರಿಯಾಗುವಷ್ಟು ಇಂಪಾದ ಸಿಳ್ಳು, ಹೀಗೆ ನಾನಾ ಬಗೆಯ ಕೂಗುಗಳಿಂದ ತಾವಿರುವ ಜಾಗವನ್ನು ತಾವೇ ಹೇಳಿಬಿಡುತ್ತವೆ. ಒಂದು ಹಕ್ಕಿ ಬಯಲನ್ನು ದಾಟಿದರೆ ದುರ್ಬೀನನ್ನು ಅದರ ಹಿಂದೆ ತಿರುಗಿಸಬೇಡಿ. ಅದು ಬಂದ ದಿಕ್ಕಿಗೇ ಹಿಡಿದಿರಿ, ಏಕೆಂದರೆ ಉಳಿದವು ಒಂದೊಂದಾಗಿ ಅದೇ ದಾರಿಯಲ್ಲಿ ಬರುತ್ತವೆ ಮತ್ತು ಗುಂಪನ್ನು ಎಣಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ.

ಮೇವು ಎಲ್ಲಿದೆ ಎಂದು ತಿಳಿದಿದ್ದರೆ ಹುಡುಕಾಟ ಇನ್ನೂ ಸುಲಭ. ಈ ಹಕ್ಕಿ ತಿನ್ನದ ವಸ್ತು ಕಡಿಮೆ: ಕಂಬಳಿಹುಳು, ಮಿಡತೆ, ಹಲ್ಲಿ, ಕಪ್ಪೆ, ಬೇರೆ ಹಕ್ಕಿಗಳ ಮೊಟ್ಟೆ ಮತ್ತು ಮರಿ, ಹಣ್ಣು, ಬೀಜ, ಕಾಳು, ಬಾಲ್ಸ ಮರದ ದೊಡ್ಡ ಹೂವಿನ ಮಕರಂದ. ಒಣಗಾಲದಲ್ಲಿ ಇರುವೆಜಾಲಿಯ ಕಾಯಿ ಒಡೆದು ಸಿಹಿಯಾದ ತಿರುಳು ಹೊರಗೆ ಕಾಣುತ್ತದೆ. ಕಚ್ಚುವ ಇರುವೆಗಳ ನಡುವಿನಿಂದ ಅದನ್ನು ಕಿತ್ತು ತಿನ್ನುವುದು ಸುಲಭದ ಕೆಲಸವಲ್ಲ. ಬೆಳೆದ ಹಕ್ಕಿ ಥಟ್ಟನೆ ಎರಗಿ ಕಿತ್ತುಕೊಂಡು ಹೋದರೆ, ಎಳೆಯ ಹಕ್ಕಿ ತಡವರಿಸುತ್ತದೆ, ಕಾಲು ಒದರುತ್ತದೆ, ಬರಿಗೊಕ್ಕಿನಲ್ಲಿ ಹಿಂದಿರುಗುತ್ತದೆ. ಈ ಕೌಶಲವನ್ನು ಎಳೆಯವು ನಿಧಾನವಾಗಿ ಕಲಿಯುತ್ತವೆ ಎಂದು 1990ರ ದಶಕದ ಕ್ಷೇತ್ರ ಅಧ್ಯಯನಗಳು ತೋರಿಸಿವೆ. ಜುಟ್ಟಿನ ಉದ್ದ ಕಾಣಿಸದಷ್ಟು ದೂರವಿದ್ದಾಗಲೂ ಈ ತಡವರಿಕೆಯಿಂದ ವಯಸ್ಸನ್ನು ಊಹಿಸಬಹುದು.

ನೀರಿನ ಗುಂಡಿಗಳನ್ನು ಮರೆಯಬಾರದು. ಏಪ್ರಿಲ್ ಹೊತ್ತಿಗೆ ಹಳ್ಳಗಳು ಬತ್ತಿ ಅಲ್ಲೊಂದು ಇಲ್ಲೊಂದು ಗುಂಡಿಯಷ್ಟೇ ಉಳಿದಿರುತ್ತದೆ. ಅಂಥ ಜಾಗದಲ್ಲಿ ದೂರ ಕುಳಿತು ಕಾಯುವುದು ಸರಿ. ಗುಂಡಿಯ ದಂಡೆಯಲ್ಲೇ ಕುಳಿತರೆ ಬಾಯಾರಿದ ಪ್ರಾಣಿಗಳಿಗೆ ನೀರು ತಪ್ಪಿಸಿದಂತಾಗುತ್ತದೆ.

ಆರನೆಯ ಹಂತ: ಗುಂಪಿನೊಳಗೆ ಯಾರು ಯಾರು ಎಂದು ಬಿಡಿಸುವುದು

ಈ ಹಂತಕ್ಕೆ ಒಂದು ಇಡೀ ಬೆಳಗನ್ನು, ಸಾಧ್ಯವಿದ್ದರೆ ಒಂದೇ ಗುಂಪಿನೊಡನೆ ಹಲವು ಬೆಳಗುಗಳನ್ನು ಮೀಸಲಿಡಬೇಕು. ಮೊದಲು ಗುಂಪಿನ ರಚನೆಯನ್ನು ತಿಳಿದುಕೊಳ್ಳೋಣ. ಗುಂಪಿನ ನಡುವೆ ಮೊಟ್ಟೆಯಿಡುವ ಒಂದು ಹಿರಿಯ ಹೆಣ್ಣಿರುತ್ತದೆ. ಅದರ ಜೊತೆ ಅದರ ಹೆಣ್ಣುಮಕ್ಕಳು ಬೆಳೆದ ಮೇಲೂ ಉಳಿದು, ತಾಯಿಗೂ ಮರಿಗಳಿಗೂ ಆಹಾರ ತಂದುಕೊಡುತ್ತವೆ, ಗಡಿ ಕಾಯುತ್ತವೆ. ಗಂಡುಮಕ್ಕಳು ಬೆಳೆದ ಮೇಲೆ ಹುಟ್ಟಿದ ನೆಲ ಬಿಟ್ಟು ಹೊರಡುತ್ತವೆ. ಗುಂಪಿನ ಹೆಣ್ಣಿಗೆ ಜೊತೆಯಾದ ಒಂದು ಗಂಡು ಹೊರಗಿನಿಂದ ಬಂದದ್ದು. ಇದಲ್ಲದೆ ಯಾವ ಗುಂಪಿಗೂ ಸೇರದೆ ನೆಲದಿಂದ ನೆಲಕ್ಕೆ ಅಲೆಯುವ ಗಂಡುಗಳೂ ಇರುತ್ತವೆ. ನೆಲ ತಾಯಿಯ ಕಡೆಯಿಂದ ಸಾಗುವ ಏರ್ಪಾಡು ಅಳಿಯಕಟ್ಟನ್ನು ಬಲ್ಲ ಕರಾವಳಿಯ ಓದುಗರಿಗೆ ಹೊಸದೆನಿಸದಿರಬಹುದು, ಆದರೆ ಹಕ್ಕಿಗಳ ಲೋಕದಲ್ಲಿ ಇದು ಅಪರೂಪ. ಕೂಡಿ ಮರಿ ಸಾಕುವ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ಉಳಿದು ನೆರವಾಗುವುದು ಗಂಡುಮಕ್ಕಳು.

ಇನ್ನು ಗುರುತಿಸುವ ಕೆಲಸ. ಸಂಶೋಧಕರು ಕಾಲಿಗೆ ಬಣ್ಣದ ಉಂಗುರ ತೊಡಿಸಿ ಒಂದೊಂದು ಹಕ್ಕಿಯನ್ನೂ ಗುರುತಿಸುತ್ತಾರೆ. ನಮಗೆ ಆ ಅನುಕೂಲವಿಲ್ಲ. ಆದ್ದರಿಂದ ನೋಟ್‌ಪುಸ್ತಕದಲ್ಲಿ ಹಕ್ಕಿಯ ತಲೆಯ ಖಾಲಿ ರೇಖಾಚಿತ್ರಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮುಖದ ಕಪ್ಪು ಗೆರೆಗಳು, ಎದೆಪಟ್ಟಿಯ ದಪ್ಪ, ಜುಟ್ಟಿನ ಆಕಾರ ಹಕ್ಕಿಯಿಂದ ಹಕ್ಕಿಗೆ ಸ್ವಲ್ಪ ಭಿನ್ನವಾಗಿರುತ್ತವೆ. ಇದರ ಜೊತೆಗೆ ಬಾಲದ ಯಾವ ಗರಿ ಮುರಿದಿದೆ, ಯಾವುದು ಉದುರಿದೆ, ರೆಕ್ಕೆಯಲ್ಲಿ ಎಲ್ಲಿ ಸಂದು ಬಿಟ್ಟಿದೆ ಎಂಬುದನ್ನು ಗುರುತು ಹಾಕಿದರೆ ಕೆಲವು ದಿನಗಳ ಮಟ್ಟಿಗೆ ಪ್ರತಿ ಹಕ್ಕಿಗೂ ಒಂದು ವಿಳಾಸ ಸಿಕ್ಕಂತಾಗುತ್ತದೆ. ಹೆಸರಿಡುವ ಬದಲು ಅ, ಆ, ಇ ಎಂದು ಅಕ್ಷರ ಕೊಡುವುದು ಲೇಸು. ಹೆಸರಿಟ್ಟ ಕೂಡಲೇ ಸ್ವಭಾವವನ್ನೂ ಹಚ್ಚಿಬಿಡುವ ಚಪಲ ನಮಗೆಲ್ಲ ಇದೆ.

ಅನಂತರ ಕೂಗನ್ನು ಆಲಿಸಿ. ಮೊಟ್ಟೆಯಿಡುವ ಕಾಲದಲ್ಲಿ ಹಿರಿಯ ಹೆಣ್ಣು ಮರಿಯ ಹಾಗೆ ಆಹಾರಕ್ಕಾಗಿ ಗಟ್ಟಿಯಾಗಿ, ಬಿಡದೆ ಮೊರೆಯಿಡುತ್ತದೆ. ಒಂದೇ ಸ್ವರದ, ಅತ್ತುಕೊಂಡಂಥ ಆ ಕೂಗು ಬಹುದೂರ ಕೇಳಿಸುತ್ತದೆ. ಗೂಡಿನ ಪಕ್ಕದಲ್ಲೇ ಇಷ್ಟು ಗಲಾಟೆ ಮಾಡುವುದು ಬೇಟೆಗಾರ ಪ್ರಾಣಿಗಳನ್ನು ಕರೆದಂತಲ್ಲವೇ ಎಂಬ ಪ್ರಶ್ನೆ ಸಹಜ. ಹಸಿವನ್ನು ಗುಂಪಿಗೆ ತಿಳಿಸುವುದರ ಜೊತೆಗೆ, ತಾನು ಮೊಟ್ಟೆಯಿಡುವ ಸ್ಥಿತಿಯಲ್ಲಿದ್ದೇನೆಂಬುದನ್ನು ಅಲೆಮಾರಿ ಗಂಡುಗಳಿಗೂ ಈ ಕೂಗು ಸಾರುತ್ತಿರಬಹುದು ಎಂಬ ವಿವರಣೆಯನ್ನು ಸಂಶೋಧಕರು ಪರಿಶೀಲಿಸಿದ್ದಾರೆ. ಮರಿಗಳೆಲ್ಲದರ ತಂದೆಯೂ ಗುಂಪಿನ ಗಂಡೇ ಆಗಿರಬೇಕೆಂದಿಲ್ಲ ಎಂಬುದು ಡಿಎನ್‌ಎ ಪರೀಕ್ಷೆಗಳಿಂದ ತಿಳಿದಿರುವುದರಿಂದ ಆ ವಿವರಣೆ ನನಗೆ ಒಪ್ಪುವಂತಿದೆ. ಏನೇ ಇರಲಿ, ವೀಕ್ಷಕನಿಗೆ ಈ ಕೂಗು ಬೀಗದ ಕೈ: ಬೆಳೆದ ಹಕ್ಕಿಯೊಂದು ಹೀಗೆ ಮೊರೆಯಿಟ್ಟು, ಬೇರೊಂದು ಹಕ್ಕಿಯಿಂದ ಕೊಕ್ಕಿಗೆ ಆಹಾರ ಪಡೆದರೆ ಅದನ್ನೇ ಗುಂಪಿನ ಹಿರಿಯ ಹೆಣ್ಣೆಂದು ಗುರುತು ಹಾಕಿಕೊಳ್ಳಬಹುದು. ಮೊರೆಯಿಡುವುದು ಎಳೆಯ ಹಕ್ಕಿಯಲ್ಲವೆಂಬುದನ್ನು ಜುಟ್ಟು ನೋಡಿ ಖಚಿತಪಡಿಸಿಕೊಳ್ಳುವುದನ್ನು ಮಾತ್ರ ತಪ್ಪಿಸಬಾರದು.

ಆ ಹೆಣ್ಣು ಸಿಕ್ಕಿದ ಮೇಲೆ ಉಳಿದವನ್ನು ಅದರ ಸುತ್ತ ಜೋಡಿಸುತ್ತ ಹೋಗಿ. ಯಾವ ಹಕ್ಕಿ ಎಷ್ಟು ಸಲ ಆಹಾರ ತಂದಿತು, ಏನು ತಂದಿತು, ಹೆಣ್ಣಿಗೆ ಕೊಟ್ಟಿತೋ ನೇರ ಗೂಡಿಗೆ ಒಯ್ದಿತೋ ಎಂಬುದನ್ನು ಸಮಯದೊಡನೆ ಬರೆಯಿರಿ. ಆಹಾರ ತರುವ ಹಕ್ಕಿಗಳಲ್ಲಿ ಹೆಣ್ಣುಮಕ್ಕಳೂ ಇರುತ್ತವೆ, ಜೊತೆಗಾರ ಗಂಡೂ ಇರುತ್ತದೆ. ಹಿರಿಯ ಹೆಣ್ಣಿನ ಬೆನ್ನಿಗೇ ಅಂಟಿಕೊಂಡು ತಿರುಗುವ, ಬೇರೆ ಗಂಡು ಬಂದಾಗ ಅದನ್ನು ಅಟ್ಟಲು ಮುಂದಾಗುವ ಹಕ್ಕಿ ಜೊತೆಗಾರನಿರಬಹುದು. ಗುಂಪುಗಳೆರಡು ಗಡಿಯಲ್ಲಿ ಎದುರಾದರೆ ಬರವಣಿಗೆ ನಿಲ್ಲಿಸಿ ನೋಡುವುದೇ ಸರಿ, ಏಕೆಂದರೆ ಆ ಗದ್ದಲದಲ್ಲಿ ಎಣಿಕೆ ತಪ್ಪುತ್ತದೆ. ಮುಗಿದ ಮೇಲೆ ಯಾರು ಯಾವ ಕಡೆ ಹಿಂದಿರುಗಿದರು ಎಂಬುದನ್ನು ದಾಖಲಿಸಿದರೆ ಸಾಕು. ಕೆಲವೊಮ್ಮೆ ಗುಂಪಿನ ಇನ್ನೊಂದು ಹೆಣ್ಣು ತಾನೂ ಮೊಟ್ಟೆಯಿಡುವ ಪ್ರಯತ್ನ ಮಾಡುವುದರಿಂದ ಒಂದೇ ನೆಲದಲ್ಲಿ ಎರಡು ಕಡೆಯಿಂದ ಮೊರೆ ಕೇಳಿಬಂದರೆ ನಿಮ್ಮ ಟಿಪ್ಪಣಿ ತಪ್ಪೆಂದು ಹೊಡೆದುಹಾಕಬೇಡಿ.

ಏಳನೆಯ ಹಂತ: ಗೂಡಿನ ಬಳಿ ನಡೆದುಕೊಳ್ಳುವ ರೀತಿ

ಗೂಡು ಕಡ್ಡಿಗಳಿಂದ ಕಟ್ಟಿದ ದೊಡ್ಡ ಬಟ್ಟಲು. ಅದು ಸಾಮಾನ್ಯವಾಗಿ ಮುಳ್ಳುಮರದಲ್ಲಿ, ಎಷ್ಟೋ ಸಲ ಬಯಲಿನ ನಡುವಿನ ಒಂಟಿ ಮರದಲ್ಲಿ ಇರುತ್ತದೆ. ಹಿರಿಯ ಹೆಣ್ಣೊಂದೇ ಕಾವು ಕೊಡುತ್ತದೆ; ಉಳಿದವು ಅದಕ್ಕೆ ತಿನಿಸು ಒದಗಿಸುತ್ತವೆ. ಗೂಡಿನಿಂದ ಕನಿಷ್ಠ ಐವತ್ತು ಮೀಟರ್ ದೂರ ಉಳಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ, ಮತ್ತು ಹೆಣ್ಣು ನಿಮ್ಮನ್ನು ಕಂಡು ಗೂಡು ಬಿಟ್ಟೆದ್ದರೆ ಆ ಐವತ್ತು ಮೀಟರೂ ಸಾಲದು. ಬಿಳಿಮುಖದ ಕಪುಚಿನ್ ಕೋತಿಗಳು, ಹಾವುಗಳು, ಗಿಡುಗಗಳು ಗೂಡುಗಳನ್ನು ದೋಚುತ್ತವೆ. ಬಹಳಷ್ಟು ಗೂಡುಗಳು ಮರಿ ಹಾರುವ ಮೊದಲೇ ನಾಶವಾಗುತ್ತವೆ. ಕೋತಿಗಳು ಹತ್ತಿರದಲ್ಲಿ ಇರುವಾಗ ಮನುಷ್ಯ ಗೂಡಿನ ಕಡೆ ದಿಟ್ಟಿಸುತ್ತ ನಿಲ್ಲುವುದು ಅವುಗಳಿಗೆ ದಾರಿ ತೋರಿಸಿದಂತೆ ಆಗಬಹುದು. ಗೂಡಿನ ಮರದ ಬುಡಕ್ಕೆ ಹೋಗುವುದು, ಕೊಂಬೆ ಸರಿಸುವುದು, ಡ್ರೋನ್ ಹಾರಿಸುವುದು ಇವಾವುದನ್ನೂ ಮಾಡಬಾರದು.

ಗಿಡುಗ ಅಥವಾ ಗೂಬೆ ಕಂಡಾಗ ಗುಂಪು ಒಟ್ಟಾಗಿ ಎರಗಿ ಕೂಗುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಯಾವ ಹಕ್ಕಿ ಮುಂದೆ ಹೋಗುತ್ತದೆ, ಯಾವುದು ದೂರದಿಂದಲೇ ಕೂಗುತ್ತದೆ ಎಂಬುದು ಗುಂಪಿನ ಬಗ್ಗೆ ಬಹಳಷ್ಟನ್ನು ತಿಳಿಸುತ್ತದೆ. ಆದರೆ ಅದಕ್ಕಾಗಿ ಗೂಬೆಯ ಧ್ವನಿಮುದ್ರಣ ಹಾಕಿ ಹಕ್ಕಿಗಳನ್ನು ಕೆರಳಿಸುವುದು ಮೋಸದ ವೀಕ್ಷಣೆ. ಮರಿ ಸಾಕುವ ಹೊತ್ತಿನಲ್ಲಿ ಅದು ಗುಂಪಿನ ಸಮಯವನ್ನೂ ಶಕ್ತಿಯನ್ನೂ ಕದಿಯುತ್ತದೆ.

ಎಂಟನೆಯ ಹಂತ: ಊಟದ ಮೇಜಿನಲ್ಲಿ

ಬಯಲು ಊಟದ ಮೇಜುಗಳಿರುವ ಕಡೆ ಹಕ್ಕಿಗಳು ನಿಮ್ಮ ಬುತ್ತಿಗೆ ಕೈಹಾಕುವುದು ಖಂಡಿತ. ಕೋಸ್ಟರಿಕದ ಸಂರಕ್ಷಿತ ಪ್ರದೇಶಗಳಲ್ಲಿ ಕಾಡುಪ್ರಾಣಿಗಳಿಗೆ ಆಹಾರ ಕೊಡುವುದು ನಿಷಿದ್ಧ, ಮತ್ತು ಈ ಹಕ್ಕಿಯ ವಿಷಯದಲ್ಲಿ ಆ ನಿಯಮಕ್ಕೆ ವಿಶೇಷ ಅರ್ಥವಿದೆ. ಸುಲಭದ ಎಂಜಲು ಸಿಗುವ ಕಡೆ ಮೊಟ್ಟೆ ಕಳ್ಳನಾದ ಈ ಹಕ್ಕಿಯ ಓಡಾಟ ಹೆಚ್ಚಿದರೆ ಅದರ ಹೊಡೆತ ಸುತ್ತಲಿನ ಚಿಕ್ಕ ಹಕ್ಕಿಗಳ ಗೂಡಿಗೆ ಬೀಳುವ ಸಂಭವವಿದೆ. ಬುತ್ತಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ತಿನ್ನುವಷ್ಟನ್ನು ಮಾತ್ರ ಹೊರತೆಗೆಯಿರಿ. ಹಕ್ಕಿ ಮೇಜಿಗೆ ಬಂದಾಗ ಚಿತ್ರ ತೆಗೆಯುವುದರಲ್ಲಿ ತಪ್ಪಿಲ್ಲ; ಚಿತ್ರಕ್ಕಾಗಿ ಬ್ರೆಡ್ಡಿನ ಚೂರು ಇಡುವುದು ತಪ್ಪು. ಹಾಗೆ ಹತ್ತಿರ ಬಂದ ಹೊತ್ತನ್ನು ಮುಖದ ಗೆರೆಗಳ ರೇಖಾಚಿತ್ರ ತುಂಬಿಸಲು ಬಳಸಿಕೊಂಡರೆ ಆರನೆಯ ಹಂತದ ಅರ್ಧ ಕೆಲಸ ಊಟದ ಹೊತ್ತಿನಲ್ಲೇ ಮುಗಿಯುತ್ತದೆ.

ಒಂಬತ್ತನೆಯ ಹಂತ: ಚಿತ್ರ, ಧ್ವನಿ ಮತ್ತು ದಾಖಲೆ

ಬಿಳಿ ಹೊಟ್ಟೆಯ ಹಕ್ಕಿಯನ್ನು ಒಣಗಾಲದ ಬಿಸಿಲಿನಲ್ಲಿ ಚಿತ್ರಿಸುವಾಗ ಬಿಳಿಯ ಭಾಗ ಸುಟ್ಟಂತಾಗುತ್ತದೆ. ಕ್ಯಾಮೆರಾದ ಬೆಳಕಿನ ಅಳತೆಯನ್ನು ಅರ್ಧದಿಂದ ಒಂದು ಹಂತದಷ್ಟು ತಗ್ಗಿಸಿ. ಬೆಳಗಿನ ಎಂಟು ಗಂಟೆಯ ನಂತರ ನೆರಳಿನಲ್ಲಿ ಕುಳಿತ ಹಕ್ಕಿಯನ್ನೇ ಆರಿಸಿಕೊಳ್ಳಿ. ಗುರುತಿಗೆ ಬೇಕಾದದ್ದು ಎಡ ಮತ್ತು ಬಲ ಮುಖದ ಎರಡು ಚಿತ್ರ, ಬಾಲ ಬಿಚ್ಚಿದ ಒಂದು ಚಿತ್ರ. ಧ್ವನಿ ದಾಖಲಿಸುವಾಗ ಆರಂಭದಲ್ಲಿ ದಿನಾಂಕ, ಸಮಯ, ಹಕ್ಕಿಯ ಅಕ್ಷರ ಮತ್ತು ಅದು ಏನು ಮಾಡುತ್ತಿತ್ತು ಎಂಬುದನ್ನು ನಿಮ್ಮ ದನಿಯಲ್ಲೇ ಹೇಳಿಬಿಡಿ. ಕೂಗಿನ ಸಂದರ್ಭ ದಾಖಲಾಗದಿದ್ದರೆ ಇಷ್ಟೊಂದು ಬಗೆಯ ಕೂಗುಳ್ಳ ಹಕ್ಕಿಯ ಧ್ವನಿಮುದ್ರಣದಿಂದ ಹೆಚ್ಚಿನ ಪ್ರಯೋಜನವಿಲ್ಲ.

ವೀಕ್ಷಣೆಯನ್ನು ಹಕ್ಕಿಗಳ ದಾಖಲೆ ಸಂಗ್ರಹಿಸುವ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸುವಾಗ ಎಣಿಕೆಯ ಬಗ್ಗೆ ಎಚ್ಚರವಿರಲಿ. ಒಂದೇ ಗುಂಪು ಬೆಳಗಿನಲ್ಲಿ ಹಲವು ಸಲ ಅದೇ ಬಯಲನ್ನು ದಾಟುವುದರಿಂದ, ಕಂಡಾಗಲೆಲ್ಲ ಕೂಡಿಸುತ್ತ ಹೋದರೆ ಏಳು ಹಕ್ಕಿಗಳ ಗುಂಪು ಮೂವತ್ತಾಗಿಬಿಡುತ್ತದೆ. ಒಂದೇ ಹೊತ್ತಿನಲ್ಲಿ ಕಂಡ ಅತಿ ಹೆಚ್ಚು ಸಂಖ್ಯೆಯನ್ನು ಬರೆಯಿರಿ. ಗಡಿಯಲ್ಲಿ ಎರಡು ಗುಂಪುಗಳನ್ನು ಎದುರುಬದುರಾಗಿ ಕಂಡಿದ್ದರೆ ಮಾತ್ರ ಎರಡನ್ನೂ ಕೂಡಿಸಿ, ಷರಾದಲ್ಲಿ ಅದನ್ನು ಹೇಳಿ. ಮೊಟ್ಟೆಯಿಡುವ ಕಾಲದ ಲಕ್ಷಣಗಳನ್ನು ಸೂಚಿಸುವ ಸಂಕೇತಗಳನ್ನೂ ತುಂಬಿಸಿ, ಆದರೆ ಒಂದು ಕಡೆ ಎಡವಬೇಡಿ: ಬೆಳೆದ ಹಕ್ಕಿ ಬೆಳೆದ ಹಕ್ಕಿಗೆ ಆಹಾರ ಕೊಟ್ಟದ್ದನ್ನು ಮರಿಗೆ ಉಣಿಸಿದ ಸಂಕೇತದಡಿ ಹಾಕುವಂತಿಲ್ಲ. ಗೂಡಿನ ನಿಖರ ಸ್ಥಳವನ್ನು ಸಾರ್ವಜನಿಕ ಟಿಪ್ಪಣಿಯಲ್ಲಿ ಬರೆಯದೆ, ಅದನ್ನು ಉದ್ಯಾನದ ಸಿಬ್ಬಂದಿಗೆ ತಿಳಿಸಿದರೆ ಸಾಕು.